ಹಳೆಯ ಟ್ರಾಕ್ಟರುಗಳ ಎಂಜಿನ್ ಭಾಗಗಳನ್ನು ಪರಸ್ಪರ ಬದಲಾಯಿಸುವ ವಿಚಾರ

ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವ ಮಾರ್ಗದಲ್ಲಿರುವ ಸವಣೂರಿನ ಸುತ್ತಲಿನ ಪ್ರದೇಶವು ಬೈಲು, ಮಜಲು, ಬೆಟ್ಟು ಎಂಬ ಮೂರು ತರದ ಗದ್ದೆಗಳಿಂದಲೂ ಅಡಕೆಯ ತೋಟಗಳಿಂದಲೂ ಕೂಡಿದುದು. ಏಣೆಲು ಬೆಳೆಯ ಉಳುಮೆಗೆ ಮಳೆ ಹಿಡಿದ ಮೇಲೆ ಕೆಲವೇ ದಿವಸಗಳ ಅವಕಾಶವಿರುವುದು. ಅಂತಹ ಸಮಯದಲ್ಲಿ ಹಳೆಯ ಟ್ರಾಕ್ಟರು ಕೆಟ್ಟು ನಿಂತು, ಬೇಕಾದ ಭಾಗವು ಪೇಟೆಯಲ್ಲಿ ದೊರೆಯದೆ ಹೋದರೆ, ಗುಜರಿಯಲ್ಲಿ ಬಿದ್ದಿರುವ ಬೇರೊಂದು ಮಾದರಿಯ ಎಂಜಿನ್ನಿನಿಂದ ಅದನ್ನು ತೆಗೆದು ಹಾಕಬಹುದೇ ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಟ್ರಾಕ್ಟರಿನ ಹೆಸರನ್ನೂ ಬಣ್ಣವನ್ನೂ ನಂಬದೆ, ಎಂಜಿನ್ನು ಯಾವ ವಂಶದ್ದೆಂಬುದನ್ನೂ ಭಾಗದ ಅಳತೆಯನ್ನೂ ನೋಡಿ ತೀರ್ಮಾನಿಸತಕ್ಕದ್ದು.

ಹೆಸರು ಒಂದೇ ಆಗಿದ್ದು ಎಂಜಿನ್ನು ಬೇರೆಯಾಗಿರುವುದುಂಟು. ಇಂಗ್ಲೆಂಡಿನಲ್ಲಿ ತಯಾರಾದ ಮಾಸಿ ಫರ್ಗ್ಯುಸನ್ 35 ಎಂಬ ಡೀಸೆಲ್ ಟ್ರಾಕ್ಟರಿಗೆ ಮೊದಲು ಸ್ಟ್ಯಾಂಡರ್ಡ್ ಕಂಪೆನಿಯ 4 ಸಿಲಿಂಡರಿನ ಎಂಜಿನ್ನಿದ್ದಿತು. 1959ರ ಕೊನೆಯ ಭಾಗದಿಂದ ಅದೇ ಟ್ರಾಕ್ಟರಿಗೆ ಪರ್ಕಿನ್ಸ್ ಕಂಪೆನಿಯ 3 ಸಿಲಿಂಡರಿನ ಎಂಜಿನ್ನನ್ನು ಕೂಡಿಸಿದರು. ಮೊದಲನೆಯದರಲ್ಲಿ ಪಿಸ್ಟನ್ನಿನ ಓಟವು 4 ಅಂಗುಲ, ಎರಡನೆಯದರಲ್ಲಿ 5 ಅಂಗುಲ. "35ರ ಪಿಸ್ಟನ್" ಎಂದು ಮಾತ್ರ ಹೇಳಿ ಅಂಗಡಿಗೆ ಆಳನ್ನು ಕಳುಹಿಸಿದವರು ಮೋಸಹೋಗುವ ಸಂಭವವು ಇದರಿಂದ ಸ್ಪಷ್ಟವಾಗುವುದು.

ಇದಕ್ಕೆ ವಿರುದ್ಧವಾಗಿ, ಹೆಸರು ಬೇರೆಯಾಗಿದ್ದರೂ ಭಾಗಗಳು ಒಂದೇ ಆಗಿರುವುದೂ ಉಂಟು. 1960ರ ಸುಮಾರಿನಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹೊರಟ ಜೆಟರ್ 2011, 3011, 4011 ಎಂಬ ಟ್ರಾಕ್ಟರುಗಳಿಗೆ ಕ್ರಮವಾಗಿ 2, 3, 4 ಸಿಲಿಂಡರುಗಳು. ಆದರೆ ಎಲ್ಲದರ ಬೋರು 95 ಮಿಲಿಮೀಟರು, ಓಟ 110 ಮಿಲಿಮೀಟರು. ಅನೇಕ ಭಾಗಗಳು ಪರಸ್ಪರ ಕೂಡಲೆಂಬ ಉದ್ದೇಶದಿಂದಲೇ ಇವನ್ನು ರಚಿಸಿದರು. ಎಚ್.ಎಂ.ಟಿ. ಸಂಸ್ಥೆಯು 1971ರಿಂದ ಪಿಂಜೋರಿನಲ್ಲಿ ತಯಾರಿಸಿದ 2511 ಮಾದರಿಯು ಈ ವಂಶಕ್ಕೆ ಸೇರಿದುದು.

ಇವೆರಡರ ನಡುವಣ ಸಂದರ್ಭವೇ ಹೆಚ್ಚು ಅಪಾಯಕರ. ಇಂಟರ್‌ನ್ಯಾಷನಲ್ ಬಿ-275 ಮತ್ತು ಬಿ-414 ಟ್ರಾಕ್ಟರುಗಳ ಡೀಸೆಲ್ ಎಂಜಿನ್ನುಗಳು ದಾಯಾದಿಗಳು. ಎರಡರಲ್ಲಿಯೂ ಓಟವು 4 ಅಂಗುಲವೇ. ಆದರೆ ಮೊದಲನೆಯದರ ಬೋರು 3⅜ ಅಂಗುಲ, ಎರಡನೆಯದರದು 3½ ಅಂಗುಲ. ಕೇವಲ ⅛ ಅಂಗುಲದ ಈ ಅಂತರವು ಕಣ್ಣಿಗೆ ತೋರದಿದ್ದರೂ ಪಿಸ್ಟನ್ನು, ರಿಂಗುಗಳು ಅದಲುಬದಲಾಗಲಾರವು.

ಬೋರು ಸರಿಹೊಂದಿದ ಮಾತ್ರಕ್ಕೂ ಪಿಸ್ಟನ್ನು ಸರಿಯೆನ್ನುವಂತಿಲ್ಲ. ಡೀಸೆಲ್ ಎಣ್ಣೆಯು ಒತ್ತಲ್ಪಟ್ಟ ಗಾಳಿಯ ಕಾವಿನಿಂದಲೇ ಹೊತ್ತಿಕೊಳ್ಳುವುದಷ್ಟೆ. 95 ಮಿ.ಮೀ. ಬೋರು, 110 ಮಿ.ಮೀ. ಓಟವುಳ್ಳ ಸಿಲಿಂಡರು 17 ಪಾಲು ಗಾಳಿಯನ್ನು 1 ಪಾಲಿಗೆ ಒತ್ತುವುದೆಂದು ಭಾವಿಸೋಣ. ಪಿನ್ನಿನಿಂದ ತಲೆಯವರೆಗಿನ ಎತ್ತರದಲ್ಲಿ 1 ಮಿ.ಮೀ. ಗಿಡ್ಡವಾದ ಪಿಸ್ಟನ್ನನ್ನು ಅದಕ್ಕೆ ಹಾಕಿದರೆ ಈ ಪ್ರಮಾಣವು 15ಕ್ಕೆ ಇಳಿಯುವುದು. ಮಳೆಗಾಲದ ತಂಪಿನ ಬೆಳಗಿನಲ್ಲಿ ಎಂಜಿನ್ನು ಹೊತ್ತಿಕೊಳ್ಳದೆ ಬಿಳಿಯ ಹೊಗೆಯನ್ನು ಮಾತ್ರ ಕಾರುವುದು. ಪಿಸ್ಟನ್ನು ಎತ್ತರವಾದರೆ ತಲೆಯು ವಾಲ್ವಿಗೆ ತಗಲಿ ವಾಲ್ವು ಬಾಗುವುದು, ಇಲ್ಲವೆ ಪಿಸ್ಟನ್ನೇ ಒಡೆಯುವುದು.

ಬೋಲ್ಟುಗಳ ವಿಷಯದಲ್ಲಿಯೂ ಎಚ್ಚರ ಅವಶ್ಯ. ⅜ ಅಂಗುಲದ ಬೋಲ್ಟು 9.5 ಮಿ.ಮೀ. ದಪ್ಪವಿರುವುದರಿಂದ 10 ಮಿ.ಮೀ. ಬೋಲ್ಟಿನಂತೆಯೇ ಕಾಣುವುದು. ಆದರೆ ಅಂಗುಲಕ್ಕೆ 16 ಸುತ್ತುಗಳುಳ್ಳ ಮೊದಲನೆಯದರ ಮರೆಯು, 1.5 ಮಿ.ಮೀ.ಗೆ ಒಂದು ಸುತ್ತುಳ್ಳ ಎರಡನೆಯದರ ಮರೆಗೆ ಕೂಡುವುದಿಲ್ಲ. ಬಲವಂತದಿಂದ ಬಿಗಿದರೆ ಮರೆಯು ಕಿತ್ತುಹೋಗುವುದು.

ನಾಜಲುಗಳನ್ನು ಅವುಗಳ ಮೇಲೆ ಕೆತ್ತಿದ ಅಕ್ಷರ ಮತ್ತು ಸಂಖ್ಯೆಗಳನ್ನು ಹೋಲಿಸದೆ ಬದಲಾಯಿಸಕೂಡದು. ಎಣ್ಣೆಯನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಸಿಂಪಡಿಸುವ ಎಂಜಿನ್ನಿಗೂ, ಹೆಡ್ಡಿನೊಳಗಿನ ಸಣ್ಣ ಕೋಣೆಯಲ್ಲಿ ಸಿಂಪಡಿಸುವ ಎಂಜಿನ್ನಿಗೂ ನಾಜಲಿನ ಜಾತಿಯೇ ಬೇರೆ.

ಯಾವ ಟ್ರಾಕ್ಟರಿನದಾದರೂ ನಿರ್ಭಯವಾಗಿ ಬದಲಾಯಿಸಬಹುದಾದ ಭಾಗಗಳೂ ಇರುವುವು. 6205 ಎಂಬ ಗುರುತಿನ ಬಾಲ್ ಬೇರಿಂಗು ಯಾವ ಕಂಪೆನಿಯದಾದರೂ ಒಳಗೆ 25, ಹೊರಗೆ 52, ದಪ್ಪದಲ್ಲಿ 15 ಮಿ.ಮೀ. ಇದ್ದೇ ಇರುವುದು. ಆಯಿಲ್ ಸೀಲು, ಬೆಲ್ಟುಗಳನ್ನೂ ಹೀಗೆಯೇ ಅವುಗಳ ಮೇಲಿನ ಅಳತೆಯಿಂದ ಆರಿಸಬಹುದು.

ಜಮೀನುದಾರರು ಅನುಸರಿಸಬೇಕಾದ ಕ್ರಮವು ಕಠಿನವಾದುದಲ್ಲ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಕ್ರಾಂಕನ್ನು ಅರೆಸಿದಾಗ ಎಷ್ಟು ಅರೆಯಿತೆಂಬುದನ್ನೂ, ಬೋರು ಹಿಗ್ಗಿಸಿದಾಗ ಎಷ್ಟು ಹಿಗ್ಗಿತೆಂಬುದನ್ನೂ ಅಲ್ಲಿಯೇ ನಮೂದಿಸಬೇಕು. ಏಕೆಂದರೆ ಒಮ್ಮೆ ಅರೆದ ಎಂಜಿನ್ನಿಗೆ ಅದೇ ಮಾದರಿಯ ಹೊಸ ಬೇರಿಂಗೂ ಹೊಂದದು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ ವರ್ನಿಯರಿನಿಂದ ಅಳೆಯಿಸಬೇಕು. ಹೆಡ್ಡನ್ನು ಬಿಗಿದ ತರುವಾಯ ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಎಲ್ಲಿಯೂ ತಗಲದೆಂದು ತಿಳಿದ ಮೇಲೆಯೇ ಚಾಲೂ ಮಾಡಬೇಕು.

ಗ್ರಾಮದ ಮುಖ್ಯಸ್ಥರು ತಮ್ಮ ಗ್ರಾಮದಲ್ಲಿರುವ ಹಳೆಯ ಟ್ರಾಕ್ಟರುಗಳ ಎಂಜಿನ್ ಸಂಖ್ಯೆಗಳ ಪಟ್ಟಿಯೊಂದನ್ನು ಬೇಸಗೆಯಲ್ಲಿಯೇ ಸಿದ್ಧಪಡಿಸಿಕೊಂಡರೆ, ಯಾರ ಎಂಜಿನ್ನಿನ ಭಾಗವು ಯಾರಿಗೆ ಒದಗುವುದೆಂಬುದು ಮೊದಲೇ ತಿಳಿಯುವುದು. ಅಳತೆ ನೋಡದೆ ಹಾಕಿದ ಭಾಗದಿಂದ ಎಂಜಿನ್ನೂ ಹಾಳು, ಏಣೆಲಿನ ಹದವೂ ಹಾಳು. ಅಳೆದು ನೋಡಲು ಹಿಡಿಯುವ ಹೊತ್ತಾದರೋ ಅರ್ಧ ಘಂಟೆ ಮಾತ್ರ.