ವೇತನಮಿತಿ ಮತ್ತು ಹಿರಿಯ ಆಟಗಾರ

ತಂಡವೊಂದು ವೇತನಕ್ಕೆ ವ್ಯಯಿಸಬಹುದಾದ ಮೊತ್ತಕ್ಕೆ ಗರಿಷ್ಠ ಮಿತಿಯನ್ನು ವಿಧಿಸಿದಾಗ ಮೊದಲು ಸಂಕಟಕ್ಕೀಡಾಗುವವನು ಹಿರಿಯ ಆಟಗಾರ. ಅನುಭವದೊಡನೆ ಅವನ ಕನಿಷ್ಠ ವೇತನವೂ ಏರುವುದರಿಂದ, ಅದೇ ಸ್ಥಾನಕ್ಕೆ ಹೊಸಬನು ಅಗ್ಗವಾಗಿ ದೊರೆಯುತ್ತಾನೆ. 1994ರಲ್ಲಿ ವೇತನಮಿತಿಯನ್ನು ಜಾರಿಗೆ ತಂದ ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗು ಇದಕ್ಕೊಂದು ಪರಿಹಾರವನ್ನು ಕಂಡುಕೊಂಡಿದೆ. ನಾಲ್ಕು ಋತುಗಳನ್ನಾದರೂ ಪೂರೈಸಿದವನು ಕನಿಷ್ಠ ವೇತನದ ಒಂದು ವರ್ಷದ ಕರಾರಿಗೆ ಒಪ್ಪಿದರೆ, ಮಿತಿಯ ಲೆಕ್ಕಕ್ಕೆ ಎರಡು ಋತುಗಳ ಆಟಗಾರನ ಕನಿಷ್ಠ ವೇತನವನ್ನಷ್ಟೇ ಹಿಡಿಯಲಾಗುವುದು. 2024ರಲ್ಲಿ ಏಳು ಋತುಗಳನ್ನು ಆಡಿದವನಿಗೆ 12,10,000 ಡಾಲರು ಸಂದರೂ ಲೆಕ್ಕಕ್ಕೆ ಬಂದುದು 9,85,000 ಮಾತ್ರ.

ಮೂಡಿಗೆರೆಯ ವಿದ್ಯಾರ್ಥಿಗೂ ಸುಪರಿಚಿತವಾದ ಐಪಿಎಲ್ ಕ್ರಿಕೆಟಿನ ಕ್ರಮವೇ ಬೇರೆ. 2025ರ ಋತುವಿಗೆ ತಂಡವೊಂದರ ಹರಾಜು ನಿಧಿ 120 ಕೋಟಿ ರೂಪಾಯಿ. ಕೊಹ್ಲಿಯವರಿಗೆ 21, ಪಾಟೀದಾರರಿಗೆ 11, ದಯಾಳರಿಗೆ 5 ಕೋಟಿ ತೆತ್ತ ಬೆಂಗಳೂರು ತಂಡಕ್ಕೆ ಉಳಿದುದು 83 ಕೋಟಿ. ಇಂತಹ ಇಕ್ಕಟ್ಟಿನಲ್ಲಿ ಅಗ್ಗದ ಹಿರಿಯನ ಬೆಲೆ ತಿಳಿಯುತ್ತದೆ. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯದ ಹನ್ನೊಂದರ ಬಳಗದಲ್ಲಿ ಆಡದ, ಇಲ್ಲವೆ ಮಂಡಳಿಯ ಕೇಂದ್ರ ಕರಾರಿಲ್ಲದ ಭಾರತೀಯನನ್ನು, ಅಂತರರಾಷ್ಟ್ರೀಯ ಪಂದ್ಯವನ್ನೇ ಕಾಣದ ಕಿರಿಯನಂತೆ ಎಣಿಸಿ 4 ಕೋಟಿಗೆ ಉಳಿಸಿಕೊಳ್ಳಬಹುದು. 2021ರಲ್ಲಿ ಕೈಬಿಟ್ಟಿದ್ದ ಈ ನಿಯಮವನ್ನು 2024ರಲ್ಲಿ ಮರಳಿ ತರಲಾಯಿತು. ಅಮೆರಿಕದ ನಿಯಮವು ಆಟಗಾರನ ವೇತನವನ್ನು ಕಾಯುತ್ತದೆ; ನಮ್ಮದು ತಂಡದ ಹಣದ ಚೀಲವನ್ನು. 2022ರಲ್ಲಿ 12 ಕೋಟಿಗೆ ಉಳಿಸಿಕೊಂಡಿದ್ದ ಧೋನಿಯವರನ್ನು ಚೆನ್ನೈ ತಂಡವು 2025ಕ್ಕೆ ಈ ನಿಯಮದಡಿ ಉಳಿಸಿಕೊಂಡಿತು; ಲೆಕ್ಕಕ್ಕೆ ಹಿಡಿದುದೂ ನಾಲ್ಕು ಕೋಟಿ, ಅವರಿಗೆ ನಿಗದಿಯಾದುದೂ ನಾಲ್ಕೇ ಕೋಟಿ.