ಆಕಾಶದಿಂದ ಬಿದ್ದದ್ದು ಚೆಂಡಲ್ಲ!

ಒಂದು ಒಗಟು. 1915ರ ಮಾರ್ಚ್ 13. ಅಮೆರಿಕದ ಫ್ಲಾರಿಡಾದ ಡೇಟೋನಾ ಬೀಚ್. ಬಯಲಿನಲ್ಲಿ ಐವತ್ತೊಂದು ವರ್ಷದ ದಢೂತಿ ಆಸಾಮಿಯೊಬ್ಬ ಕೈಗೆ ಬೇಸ್‌ಬಾಲ್ ಗ್ಲೌಸ್ ತೊಟ್ಟು, ಕತ್ತೆತ್ತಿ ನಿಂತಿದ್ದಾನೆ. ಸುತ್ತ ಆಟಗಾರರ ಗುಂಪು. ಐನೂರು ಅಡಿ ಆಸುಪಾಸಿನಲ್ಲಿ ಒಂದು ವಿಮಾನ. ಅದರಿಂದ ಏನೋ ಜಾರಿತು. ದುಂಡಗಿದೆ. ಶರವೇಗದಲ್ಲಿ ಬರುತ್ತಿದೆ!

ಏನದು?

ಚೆಂಡು ಅಂದಿರಾ? ಪಾಪ, ಅವನೂ ಹಾಗೇ ಅಂದುಕೊಂಡಿದ್ದ!

ಅವನ ಹೆಸರು ವಿಲ್ಬರ್ಟ್ ರಾಬಿನ್‌ಸನ್. ಬ್ರೂಕ್ಲಿನ್ ತಂಡದ ಮ್ಯಾನೇಜರ್. ಒಂದು ಕಾಲದ ಹೆಸರಾಂತ ಕ್ಯಾಚರ್, ಅಂದರೆ ನಮ್ಮ ವಿಕೆಟ್‌ಕೀಪರ್‌ನ ಹಾಗೆ ಬ್ಯಾಟ್ಸ್‌ಮನ್ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವ. 1908ರಲ್ಲಿ ಗ್ಯಾಬಿ ಸ್ಟ್ರೀಟ್ ಎಂಬ ಇನ್ನೊಬ್ಬ ಕ್ಯಾಚರ್, 555 ಅಡಿ ಎತ್ತರದ ವಾಷಿಂಗ್ಟನ್ ಸ್ಮಾರಕದ ತುದಿಯಿಂದ ಬಿಟ್ಟ ಚೆಂಡನ್ನು ಕೆಳಗೆ ನಿಂತು ಹಿಡಿದಿದ್ದ. ಹನ್ನೆರಡು ಸಲ ತಪ್ಪಿತು, ಹದಿಮೂರನೆಯದು ಗ್ಲೌಸಿಗೆ ಬಿತ್ತು! ಇನ್ನು ರಾಬಿನ್‌ಸನ್ ಸುಮ್ಮನಿದ್ದಾನೆಯೇ? ನನಗೆ ವಿಮಾನದಿಂದಲೇ ಎಸೆಯಿರಿ ಅಂದ.

ವಿಮಾನದಲ್ಲಿ ಯಾರಿದ್ದರು ಗೊತ್ತೇ? ಒಬ್ಬ ಹೆಂಗಸು! ರೂತ್ ಲಾ. ಅಮೆರಿಕದ ಸಂವಿಧಾನ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಡಲು ಇನ್ನೂ ಐದು ವರ್ಷ ಬಾಕಿಯಿದ್ದಾಗ ಈಕೆ ಆಕಾಶದಲ್ಲಿ ಹಾರಾಡುತ್ತಿದ್ದಳು. ಮುಂದಿನ ವರ್ಷ ಶಿಕಾಗೋದಿಂದ ಹೊರಟು ಎಲ್ಲೂ ಇಳಿಯದೆ 590 ಮೈಲಿ ಹಾರಿ ದಾಖಲೆ ಮಾಡಿದವಳು ಈಕೆಯೇ. ಅಂಥವಳು ಅವತ್ತು ಏನು ಮಾಡಿದಳು ಅಂದರೆ, ಚೆಂಡನ್ನೇ ಹೋಟೆಲಿನಲ್ಲಿ ಮರೆತು ಬಂದಳು!

ಹೊರಡುವ ಹೊತ್ತಿಗೆ ನೆನಪಾಯಿತು. ಪಕ್ಕದಲ್ಲಿದ್ದವನೊಬ್ಬ ತನ್ನ ಹತ್ತಿರವಿದ್ದ ಹಣ್ಣು ಕೊಟ್ಟ. ಗ್ರೇಪ್‌ಫ್ರೂಟ್! ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಬೆರಕೆ ಹಣ್ಣು. ದೇವನಹಳ್ಳಿಯ ಚಕ್ಕೋತ ಕಂಡವರು ಅದರ ಮರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಸಿಪ್ಪೆಯೊಳಗೆ ಬರೀ ರಸ. ಅದು ಐನೂರು ಅಡಿಯಿಂದ ಬಂದು ಬಿದ್ದರೆ?

ಫಟ್!

ರಾಬಿನ್‌ಸನ್ ಅಂಗಾತ ಬಿದ್ದ. ಎದೆಯೆಲ್ಲ ಒದ್ದೆ. ಬೆಚ್ಚಗೆ ಏನೋ ಹರಿಯುತ್ತಿದೆ. ರಕ್ತ! ಎದೆ ಸೀಳಿಹೋಯಿತು, ನಾನು ಸತ್ತೆ ಅಂತ ಚೀರಿಕೊಂಡ. ಓಡಿ ಬಂದ ಆಟಗಾರರು ಬಗ್ಗಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ಚೆಂಡಿನ ಬದಲು ಹಣ್ಣು ಬಿದ್ದದ್ದೇ ದೊಡ್ಡ ಉಪಕಾರವಾಗಿತ್ತು. ಹೇಗೆ ಅಂತೀರಾ? 1939ರ ಆಗಸ್ಟ್ 3ಕ್ಕೆ ಬನ್ನಿ. ಸ್ಯಾನ್ ಫ್ರಾನ್ಸಿಸ್ಕೋ. ಜೋ ಸ್ಪ್ರಿಂಜ್ ಎಂಬ ಕ್ಯಾಚರ್ ಇದೇ ಸಾಹಸಕ್ಕೆ ನಿಂತ. ಈ ಸಲ ವಾಯುನೌಕೆ. ಎತ್ತರ 800 ಅಡಿ. ಬಿದ್ದದ್ದು ನಿಜವಾದ ಚೆಂಡು. ಚೆಂಡು ಗ್ಲೌಸಿಗೆ ಬಂತು, ಗ್ಲೌಸ್ ಮುಖಕ್ಕೆ ಬಂತು. ದವಡೆ ಮುರಿಯಿತು, ಹಲ್ಲುಗಳು ಉದುರಿದವು. ಚೆಂಡಾದರೂ ಕೈಯಲ್ಲಿ ಉಳಿಯಿತೇ? ಅದೂ ಇಲ್ಲ! ಅವತ್ತು ಅವನ ಹುಟ್ಟುಹಬ್ಬ ಬೇರೆ.

ನೋಡಿ, ನಾನು ಹಳೆಯ ಪತ್ರಿಕೆಗಳ ಬೇಸ್‌ಬಾಲ್ ಪುಟಗಳಿಗೆ ಬಿದ್ದದ್ದು ಹೀಗೆ. ಯಾರು ಗೆದ್ದರು ಎಂಬುದನ್ನು ಓದುವುದೇ ಇಲ್ಲ ಈಗ! ಸ್ಕೋರಿನ ಪಕ್ಕದಲ್ಲಿ, ಮೂಲೆಯಲ್ಲಿ, ನಾಲ್ಕೇ ಸಾಲಿನಲ್ಲಿ ಕೂತಿರುತ್ತದೆ ನೋಡಿ ಒಂದು ಸುದ್ದಿ. ಅದನ್ನು ಓದಿದ ಮೇಲೆ ಪಕ್ಕದ ಮನೆಯವರನ್ನು ಎಬ್ಬಿಸಿ ಹೇಳಬೇಕು ಅನ್ನಿಸುತ್ತದೆ.

ಉದಾಹರಣೆಗೆ ಸಿಡಿಲು.

1919ರ ಆಗಸ್ಟ್ 24. ಕ್ಲೀವ್‌ಲ್ಯಾಂಡ್. ಚೆಂಡೆಸೆಯುವ ಪಿಚರ್ ರೇ ಕಾಲ್ಡ್‌ವೆಲ್‌ಗೆ ಆ ತಂಡದಲ್ಲಿ ಅದು ಮೊದಲ ಪಂದ್ಯ. ಕೊನೆಯ ಇನಿಂಗ್ಸ್. 2-1ರ ಮುನ್ನಡೆ. ಇನ್ನೊಬ್ಬ ಔಟಾದರೆ ಮುಗಿಯಿತು. ಮೋಡ ಕವಿಯಿತು. ಛಟೀರ್! ಸಿಡಿಲು ಮೈದಾನಕ್ಕೇ ಎರಗಿತು. ಕಣ್ಣು ಬಿಟ್ಟು ನೋಡಿದರೆ ಕಾಲ್ಡ್‌ವೆಲ್ ನೆಲದ ಮೇಲೆ. ಪ್ರಜ್ಞೆ ಇಲ್ಲ.

ಕೆಲವು ನಿಮಿಷಗಳ ಬಳಿಕ ಎದ್ದು ಕೂತ. ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವನು ಚೆಂಡು ಕೊಡಿ ಅಂದ! ಉಳಿದ ಒಬ್ಬನನ್ನೂ ಔಟ್ ಮಾಡಿ, ಪಂದ್ಯ ಗೆಲ್ಲಿಸಿಯೇ ಮನೆಗೆ ಹೋದ.

ನಿಲ್ಲಿ, ಮುಗಿದಿಲ್ಲ. ಅದಾಗಿ ಹದಿನೇಳೇ ದಿನಕ್ಕೆ, ಸೆಪ್ಟೆಂಬರ್ 10ರಂದು, ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಇಡೀ ಪಂದ್ಯದಲ್ಲಿ ಒಂದೇ ಒಂದು ಹಿಟ್ ಕೊಡಲಿಲ್ಲ. ಯಾಂಕೀಸ್ ಯಾರು? ಹಿಂದೆ ಇವನು ಆಡುತ್ತಿದ್ದ, ಇವನನ್ನು ಕೈಬಿಟ್ಟಿದ್ದ ತಂಡ!

ಬೇಸ್‌ಬಾಲ್ ಎಷ್ಟು ಇನಿಂಗ್ಸಿನ ಆಟ? ಒಂಬತ್ತು. ಸಮ ಬಂದರೆ ಇನ್ನೊಂದು, ಮತ್ತೊಂದು. 1920ರ ಮೇ 1ರಂದು ಬಾಸ್ಟನ್‌ನಲ್ಲಿ ಎಷ್ಟಕ್ಕೆ ನಿಂತಿತು, ಊಹಿಸಿ. ಹನ್ನೆರಡು? ಹದಿನೈದು? ಇನ್ನೂ ಮೇಲೆ ಹೋಗಿ. ಇಪ್ಪತ್ತಾರು! ಕೊನೆಗೆ ಅಂಪೈರ್ ಕತ್ತಲಾಯಿತು ಅಂತ ಕೈಯೆತ್ತಿದಾಗ ಸ್ಕೋರು 1-1. ಎರಡೂ ಕಡೆ ಎಷ್ಟು ಪಿಚರ್‌ಗಳು ಎಸೆದಿರಬಹುದು? ತಲಾ ಒಬ್ಬ! ಬ್ರೂಕ್ಲಿನ್‌ಗೆ ಲಿಯಾನ್ ಕಡೋರ್, ಬಾಸ್ಟನ್‌ಗೆ ಜೋ ಓಶ್ಗರ್. ಇಬ್ಬರ ತೋಳೂ ಅದು ಹೇಗೆ ಭುಜದಲ್ಲಿ ಉಳಿಯಿತೋ!

ಬ್ರೂಕ್ಲಿನ್ ತಂಡದ ಗ್ರಹಚಾರ ಕೇಳಿ. ಮರುದಿನ ಇನ್ನೊಂದು ಪಂದ್ಯ, 13 ಇನಿಂಗ್ಸ್, ಸೋಲು. ಅದರ ಮರುದಿನ ಮತ್ತೊಂದು, 19 ಇನಿಂಗ್ಸ್, ಅದೂ ಸೋಲು. ಮೂರು ದಿನದಲ್ಲಿ 58 ಇನಿಂಗ್ಸ್. ಗೆಲುವು ಸೊನ್ನೆ! ಅಂದಹಾಗೆ ಆ ತಂಡದ ಮ್ಯಾನೇಜರ್ ಯಾರು ಗೊತ್ತಲ್ಲ? ನಮ್ಮ ಹಣ್ಣಿನ ರಾಬಿನ್‌ಸನ್.

ಇದನ್ನೂ ಮೀರಿಸಿದ್ದು ಕೆಳದರ್ಜೆಯ ಲೀಗಿನ ಒಂದು ಪಂದ್ಯ. 1981ರ ಏಪ್ರಿಲ್ 18, ರೋಡ್ ಐಲೆಂಡಿನ ಪಾಟಕೆಟ್. ಈಸ್ಟರ್ ಹಿಂದಿನ ರಾತ್ರಿ, ಮೈಕೊರೆಯುವ ಚಳಿ. ಮಧ್ಯರಾತ್ರಿ ದಾಟಿತು. ಹೊತ್ತು ಮೀರಿದರೆ ಆಟ ನಿಲ್ಲಿಸಬೇಕೆಂಬ ನಿಯಮವಿತ್ತು, ಆದರೆ ಅಂಪೈರ್ ಕೈಲಿದ್ದ ಪುಸ್ತಕದಲ್ಲಿ ಆ ಸಾಲೇ ಇರಲಿಲ್ಲ! ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಮೈ ಕಾಯಿಸಿಕೊಂಡರು. ಬೆಳಗಿನ 4 ಗಂಟೆ 7 ನಿಮಿಷಕ್ಕೆ, 32 ಇನಿಂಗ್ಸ್ ಮುಗಿದ ಮೇಲೆ, ನಿಲ್ಲಿಸಿ ಎಂಬ ಅಪ್ಪಣೆ ಬಂತು. ಆಗ ಮೈದಾನದಲ್ಲಿ ಉಳಿದಿದ್ದ ಪ್ರೇಕ್ಷಕರು? ಹತ್ತೊಂಬತ್ತು ಜನ.

ಆ ರಾತ್ರಿ ಒಬ್ಬ ಪಿಚರ್ ತನ್ನ ಪಾಲಿನ ಎಸೆತ ಮುಗಿಸಿ ಅಪರಾತ್ರಿಯಲ್ಲಿ ಮನೆಗೆ ಹೋದನಂತೆ. ಎಲ್ಲಿ ಹೋಗಿದ್ದೆ ಅಂತ ಹೆಂಡತಿ ಬಾಗಿಲಲ್ಲೇ ತಡೆದಳು. ಮೈದಾನದಲ್ಲಿ ಅಂದ. ಈ ಹೊತ್ತಿನಲ್ಲಿ? ಯಾವ ಹೆಂಡತಿ ನಂಬುತ್ತಾಳೆ ಹೇಳಿ! ಬೆಳಗ್ಗೆ ಪತ್ರಿಕೆ ನೋಡು, ಅದರಲ್ಲಿರುತ್ತೆ ಅಂದ ಪಾಪದವನು. ಬೆಳಗ್ಗೆ ಪತ್ರಿಕೆ ಬಂತು. ಅದರಲ್ಲಿ ಏನೂ ಇರಲಿಲ್ಲ! ಪಂದ್ಯ ನಡೆಯುತ್ತಿದ್ದಾಗಲೇ ಭಾನುವಾರದ ಸಂಚಿಕೆ ಅಚ್ಚಾಗಿಬಿಟ್ಟಿತ್ತು. ಅವನು ನಿರಪರಾಧಿ ಎಂದು ಸಾಬೀತಾಗಲು ಸೋಮವಾರ ಬರಬೇಕಾಯಿತು.

ಉಳಿದ ಆಟ ಜೂನ್ 23ಕ್ಕೆ ಮುಂದುವರಿಯಿತು. ಹದಿನೆಂಟೇ ನಿಮಿಷದಲ್ಲಿ ಪಾಟಕೆಟ್ 3-2ರಿಂದ ಗೆದ್ದಿತು.

ಈಗ ನನಗೆ ಬಲು ಇಷ್ಟವಾದ ಒಂದು ತಾರೀಕು. ಆಗಸ್ಟ್ 4. ಬರೆದುಕೊಳ್ಳಿ!

1911ರ ಆಗಸ್ಟ್ 4. ಬೇಸ್‌ಬಾಲ್‌ನಲ್ಲಿ ಓಟಗಾರ ಮೂರು ಬೇಸ್ ಮುಟ್ಟಿ 'ಮನೆ' ಸೇರಿದರೆ ಒಂದು ರನ್. ವಾಷಿಂಗ್ಟನ್ ತಂಡದ ಜರ್ಮನಿ ಶೇಫರ್ ಮೊದಲ ಬೇಸ್‌ನಿಂದ ಎರಡನೆಯದಕ್ಕೆ ಕಳ್ಳ ಓಟ ಓಡಿದ. ಕ್ಯಾಚರ್ ತನ್ನ ಕಡೆ ಚೆಂಡೆಸೆದರೆ ಮೂರನೇ ಬೇಸ್‌ನಲ್ಲಿದ್ದ ಜೊತೆಗಾರ ಮನೆ ಸೇರಲಿ ಎಂಬ ಹೂಟ. ಕ್ಯಾಚರ್ ಎಸೆಯಲೇ ಇಲ್ಲ. ಶೇಫರ್ ಏನು ಮಾಡಿದ? ಎರಡನೆಯದರಿಂದ ತಿರುಗಿ ಮೊದಲನೆಯದಕ್ಕೇ ಓಡಿದ! ಹಿಂದಕ್ಕೆ! ಹೀಗೆ ಓಡಬಾರದು ಅಂತ ಯಾವ ನಿಯಮದಲ್ಲೂ ಬರೆದಿರಲಿಲ್ಲ. ಆಮೇಲೆ ಬರೆದರು, ಬಿಡಿ.

1982ರ ಆಗಸ್ಟ್ 4. ಜೋಯೆಲ್ ಯಂಗ್‌ಬ್ಲಡ್ ಮಧ್ಯಾಹ್ನ ಶಿಕಾಗೋದಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ ಆಡಿ ಒಂದು ಹಿಟ್ ಹೊಡೆದ. ಆಟದ ನಡುವೆಯೇ ಕರೆದು ಹೇಳಿದರು, ನಿನ್ನನ್ನು ಮಾಂಟ್ರಿಯಲ್‌ಗೆ ಕೊಟ್ಟಿದ್ದೇವೆ, ಹೊರಡು. ಹೊರಟ. ಗ್ಲೌಸ್ ಮರೆತ, ವಾಪಸ್ ಬಂದು ತೆಗೆದುಕೊಂಡ, ವಿಮಾನ ಹಿಡಿದ. ರಾತ್ರಿ ಫಿಲಡೆಲ್ಫಿಯಾದಲ್ಲಿ ಮಾಂಟ್ರಿಯಲ್ ಪರ ಇಳಿದು ಇನ್ನೊಂದು ಹಿಟ್! ಒಂದೇ ದಿನ, ಎರಡು ಊರು, ಎರಡು ತಂಡ. ಎಸೆದವರು ಫರ್ಗೀ ಜೆಂಕಿನ್ಸ್ ಮತ್ತು ಸ್ಟೀವ್ ಕಾರ್ಲ್‌ಟನ್. ಇಬ್ಬರೂ ಸಾಮಾನ್ಯರಲ್ಲ, ಹಾಲ್ ಆಫ್ ಫೇಮ್ ಸೇರಿದವರು!

1983ರ ಆಗಸ್ಟ್ 4. ಟೊರಾಂಟೊ. ಯಾಂಕೀಸ್‌ನ ಡೇವ್ ವಿನ್‌ಫೀಲ್ಡ್ ಇನಿಂಗ್ಸ್ ನಡುವೆ ಕೈ ಪಳಗಿಸಲು ಎಸೆದ ಚೆಂಡು ಮೈದಾನದಲ್ಲಿ ಕೂತಿದ್ದ ಕಡಲಕ್ಕಿಗೆ ತಗುಲಿತು. ಹಕ್ಕಿ ಸತ್ತಿತು. ಪಂದ್ಯ ಮುಗಿಯುತ್ತಿದ್ದಂತೆ ಪೊಲೀಸರು ಬಂದರು. ಬಂಧನ! ಆರೋಪ, ಪ್ರಾಣಿಹಿಂಸೆ. ಜಾಮೀನು 500 ಡಾಲರ್. ಮರುದಿನ ಮೊಕದ್ದಮೆ ಕೈಬಿಟ್ಟರು ಅನ್ನುವುದು ಹಕ್ಕಿಗೆ ಸಮಾಧಾನವೇನಲ್ಲ.

ಇನ್ನು 1951ರ ಆಗಸ್ಟ್ 19. ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಪರ ಬ್ಯಾಟ್ ಹಿಡಿದು ಬಂದ ಎಡ್ಡಿ ಗೇಡಲ್‌ನ ಎತ್ತರ ಎಷ್ಟು? ಐದೂವರೆ ಅಡಿ? ಐದು? ಮೂರು ಅಡಿ ಏಳು ಅಂಗುಲ! ಮಾಲೀಕ ಬಿಲ್ ವೀಕ್‌ನ ಕಿತಾಪತಿ ಇದು. ಅಂಪೈರ್ ಹುಬ್ಬು ಗಂಟಿಕ್ಕಿದ. ಮ್ಯಾನೇಜರ್ ಜೇಬಿನಿಂದ ಒಪ್ಪಂದದ ಕಾಗದ ತೆಗೆದು ತೋರಿಸಿದ. ಆಗಿನ ನಿಯಮದಂತೆ ಎಸೆದದ್ದು ಎದುರಿನವನ ಮೊಣಕಾಲಿಗೂ ಕಂಕುಳಿಗೂ ನಡುವೆ ಬರಬೇಕಿತ್ತು. ಗೇಡಲ್ ಬಗ್ಗಿ ನಿಂತರೆ ಆ ನಡುವೆ ಎಂಬುದೇ ಇಲ್ಲವಲ್ಲ! ಕ್ಯಾಚರ್ ಮೊಣಕಾಲೂರಿದ. ನಾಲ್ಕು ಎಸೆತ, ನಾಲ್ಕೂ ತಲೆಯ ಮೇಲೆ. ನಾಲ್ಕು ತಪ್ಪಿದರೆ ಮೊದಲ ಬೇಸ್ ಬಿಟ್ಟಿ! ಗೇಡಲ್ ಠೀವಿಯಿಂದ ಮೊದಲ ಬೇಸ್‌ಗೆ ನಡೆದ. ಮರುದಿನವೇ ಲೀಗ್ ಅಧ್ಯಕ್ಷರು ಒಪ್ಪಂದ ರದ್ದು ಮಾಡಿದರು.

ಅವನ ಅಂಗಿಯ ಮೇಲಿನ ಸಂಖ್ಯೆ? 1/8! ಅರೆಕಾಲು! ಅಂಗಿ ತಂಡದ ಅಧಿಕಾರಿಯೊಬ್ಬರ ಒಂಬತ್ತು ವರ್ಷದ ಮಗನದು. ಆ ಹುಡುಗ ಬಿಲ್ ಡಿವಿಟ್ ಜೂನಿಯರ್ ದೊಡ್ಡವನಾಗಿ ಏನಾದ ಗೊತ್ತೇ? ಅದೇ ಊರಿನ ಕಾರ್ಡಿನಲ್ಸ್ ತಂಡದ ಒಡೆಯ!

ಹಣ್ಣಾಯಿತು, ತರಕಾರಿಯೂ ಆಗಲಿ. 1987ರ ಆಗಸ್ಟ್ 31, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್. ಕ್ಯಾಚರ್ ಡೇವ್ ಬ್ರೆಸ್ನಹನ್ ಸಿಪ್ಪೆ ಹೆರೆದ ಬಿಳಿ ಆಲೂಗಡ್ಡೆಯನ್ನು ಗ್ಲೌಸಿನಲ್ಲಿ ಬಚ್ಚಿಟ್ಟುಕೊಂಡ. ಮೂರನೇ ಬೇಸ್‌ನತ್ತ ಅದನ್ನು ಬೇಕೆಂದೇ ಎತ್ತರಕ್ಕೆ ಎಸೆದ. ಚೆಂಡು ಕೈತಪ್ಪಿತು ಅಂತ ಓಟಗಾರ ಖುಷಿಯಿಂದ ಮನೆಯತ್ತ ಓಡಿ ಬಂದರೆ, ಬ್ರೆಸ್ನಹನ್ ನಿಜವಾದ ಚೆಂಡು ಹಿಡಿದು ನಗುತ್ತ ನಿಂತಿದ್ದಾನೆ! ಅಂಪೈರ್‌ಗೆ ನಗು ಬರಲಿಲ್ಲ. ರನ್ ಎದುರಾಳಿಗೆ ಹೋಯಿತು. 50 ಡಾಲರ್ ದಂಡ, ಕೆಲಸವೂ ಹೋಯಿತು. ಆದರೆ ಮರುವರ್ಷ ಅದೇ ಊರು ಅವನನ್ನು ಕರೆಸಿ, ಅವನ 59ನೇ ಸಂಖ್ಯೆಯನ್ನು ಇನ್ಯಾರಿಗೂ ಕೊಡುವುದಿಲ್ಲವೆಂದು ಸನ್ಮಾನ ಮಾಡಿತು. ಪ್ರವೇಶ ದರ, ಒಂದು ಡಾಲರ್ ಮತ್ತು ಒಂದು ಆಲೂಗಡ್ಡೆ!

ಪತ್ರಿಕೆಗಳೂ ಕಿತಾಪತಿ ಮಾಡಿವೆ. 1912ರ ಒಂದು ಸ್ಕೋರುಪಟ್ಟಿಯಲ್ಲಿ ಬ್ರೌನ್ಸ್ ತಂಡದ ಪರ ಲೂ ಪ್ರಾಕ್ಟರ್ ಎಂಬ ಹೆಸರಿದೆ. ಒಂದೇ ಪಂದ್ಯ. ಹೆಸರು ದಾಖಲೆಯ ಮಹಾಗ್ರಂಥಕ್ಕೂ ಏರಿತು. ದಶಕಗಳು ಉರುಳಿದವು. 1980ರ ದಶಕದಲ್ಲಿ ಸಂಶೋಧಕರು ಕೆದಕಿದರು. ಅಂಥ ಆಟಗಾರನೇ ಇಲ್ಲ! ಹಾಗಾದರೆ ಯಾರು? ಪತ್ರಿಕೆಗಳಿಗೆ ಸ್ಕೋರು ತಂತಿಯಲ್ಲಿ ಕಳಿಸುತ್ತಿದ್ದ ಟೆಲಿಗ್ರಾಫ್ ನೌಕರ ಮೆಲ್ಲಗೆ ತನ್ನ ಹೆಸರನ್ನೇ ತೂರಿಸಿಬಿಟ್ಟ ಅನ್ನುತ್ತಾರೆ! ನನಗಂತೂ ಅವನ ಮೇಲೆ ಸಿಟ್ಟೇ ಬರುವುದಿಲ್ಲ.

ಕೊನೆಯದು ಬಾಕಿಯಿದೆ. ಬೇಕೆಂದೇ ಉಳಿಸಿಕೊಂಡಿದ್ದೆ.

ಬೇಸ್‌ಬಾಲ್ ಹುಟ್ಟಿದ್ದೆಲ್ಲಿ? 1907ರಲ್ಲಿ ಅಮೆರಿಕದ ಸಮಿತಿಯೊಂದು ತೀರ್ಪು ಕೊಟ್ಟಿತು: 1839ರಲ್ಲಿ, ಕೂಪರ್ಸ್‌ಟೌನ್‌ನಲ್ಲಿ, ಮುಂದೆ ಸೇನಾಧಿಕಾರಿಯಾದ ಅಬ್ನರ್ ಡಬಲ್‌ಡೇ ಹುಟ್ಟುಹಾಕಿದ್ದು. ನೂರು ವರ್ಷ ತುಂಬಿತೆಂದು 1939ರಲ್ಲಿ ಅಲ್ಲಿ ಹಾಲ್ ಆಫ್ ಫೇಮ್ ಕೂಡ ತೆರೆಯಿತು. ಆದರೆ ಡಬಲ್‌ಡೇ 1839ರಲ್ಲಿ ಇದ್ದದ್ದು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ!

ಹಾಗಾದರೆ ಎಲ್ಲಿ? ಎಷ್ಟು ಹಿಂದಕ್ಕೆ ಹೋಗಬಲ್ಲಿರಿ? 2013ರಲ್ಲಿ ಡೇವಿಡ್ ಬ್ಲಾಕ್ ಎಂಬ ಸಂಶೋಧಕರಿಗೆ ಹಳೆಯ ಪತ್ರಿಕೆಯಲ್ಲಿ ಒಂದು ಚಿಕ್ಕ ಸುದ್ದಿ ಸಿಕ್ಕಿತು. ಪತ್ರಿಕೆ, ವೈಟ್‌ಹಾಲ್ ಈವನಿಂಗ್ ಪೋಸ್ಟ್. ಊರು, ಲಂಡನ್! ಇಸವಿ, 1749! ಅಮೆರಿಕವೆಂಬ ದೇಶವೇ ಇನ್ನೂ ಹುಟ್ಟಿರಲಿಲ್ಲ. ಸುದ್ದಿ ಏನೆಂದರೆ, ಸರ್ರೆಯಲ್ಲಿ ರಾಜಕುಮಾರರು ಗೆಳೆಯನೊಡನೆ 'ಬಾಸ್-ಬಾಲ್' ಆಡಿದರು.

ಆಡಿದವನು ವೇಲ್ಸ್ ರಾಜಕುಮಾರ ಫ್ರೆಡೆರಿಕ್. ಅವನ ಮಗ ಯಾರು, ಹೇಳಿ ನೋಡೋಣ!

ಮೂರನೆಯ ಜಾರ್ಜ್. 1776ರಲ್ಲಿ ಅಮೆರಿಕನ್ನರು ಕಳಚಿಕೊಂಡದ್ದು ಅವನ ಆಳ್ವಿಕೆಯಿಂದ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಲಂಡನ್ನಿನ ಸಿಂಹಾಸನದ ಮೇಲಿದ್ದವನೂ ಅವನೇ.