ಕ್ವಾಂಟಂ ಚುಕ್ಕೆಗಳ ವಿದ್ಯುದಗ್ರ: ಬೆಳಕಿನ ಹೀರಿಕೆ, ಆವೇಶದ ಚಲನೆ ಮತ್ತು ಒಂದು ಪಾರಿಭಾಷಿಕ ತೊಡಕು

ಕನ್ನಡದ ವಿಜ್ಞಾನ ಬರವಣಿಗೆಯನ್ನು ಕುರಿತ ಚರ್ಚೆಗಳಲ್ಲಿ ಪಾರಿಭಾಷಿಕ ಪದಗಳ ಕೊರತೆಯನ್ನು ಮುಂದುಮಾಡುವುದು ರೂಢಿ. ಒಂದೇ ಪದ ಎರಡು ಪರಿಕಲ್ಪನೆಗಳ ಹೊರೆ ಹೊರುವುದೂ ಅಷ್ಟೇ ತೊಡಕಿನ ಸಂಗತಿಯಾಗಿದೆ. ಕ್ವಾಂಟಂ ಚುಕ್ಕೆಗಳನ್ನು ಲೇಪಿಸಿದ ಸೌರಕೋಶದ ವಿದ್ಯುದಗ್ರವು ಇದಕ್ಕೊಂದು ನಿದರ್ಶನ.

ಈ ವಿದ್ಯುದಗ್ರದ ಒಡಲು ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳಿಂದಾದ, ಸೂಕ್ಷ್ಮರಂಧ್ರಗಳುಳ್ಳ ಪದರ. ಅದರ ಶಕ್ತಿ ಅಂತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ ಅದು ಅತಿನೇರಳೆ ಕಿರಣಗಳನ್ನು ಹೀರಬಲ್ಲುದೇ ಹೊರತು ಕಣ್ಣಿಗೆ ಕಾಣುವ ಬೆಳಕನ್ನಲ್ಲ. 1991ರಲ್ಲಿ ಬ್ರಯಾನ್ ಓರೆಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಇಂಥ ಪದರಕ್ಕೆ ವರ್ಣದ್ರವ್ಯವನ್ನು ಅಂಟಿಸಿ ಈ ಕೊರತೆಯನ್ನು ನೀಗಿದರು. ವರ್ಣದ್ರವ್ಯದ ಸ್ಥಾನದಲ್ಲಿ ಕ್ಯಾಡ್ಮಿಯಂ ಸೆಲೆನೈಡಿನಂಥ ಅರೆವಾಹಕದ, ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಗಳನ್ನು ಕೂರಿಸುವುದು ಇದರ ಮುಂದುವರಿಕೆ. ಈ ಹರಳುಗಳೇ ಕ್ವಾಂಟಂ ಚುಕ್ಕೆಗಳು. ಚುಕ್ಕೆ ಕಿರಿದಾದಂತೆ ಶಕ್ತಿ ಅಂತರ ಹಿಗ್ಗುತ್ತದೆ. ಹೀಗಾಗಿ ಅದು ಯಾವ ಬಣ್ಣದವರೆಗೆ ಬೆಳಕನ್ನು ಹೀರಬಲ್ಲುದೆಂಬುದನ್ನು ಗಾತ್ರವೇ ನಿರ್ಧರಿಸುತ್ತದೆ.

ಬೆಳಕನ್ನು ಹೀರಿದ ಚುಕ್ಕೆಯಲ್ಲಿ ಎಲೆಕ್ಟ್ರಾನೊಂದು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಅದು ಬಿಟ್ಟ ಎಡೆ ಧನಾವೇಶದಂತೆ ವರ್ತಿಸುತ್ತದೆ. ಎಲೆಕ್ಟ್ರಾನು ಟೈಟಾನಿಯಂ ಡೈಆಕ್ಸೈಡಿಗೆ ದಾಟಿ ಹೊರಮಂಡಲವನ್ನು ಸೇರಬೇಕು; ಬರಿದಾದ ಎಡೆಗೆ ಸುತ್ತಲಿನ ಸಲ್ಫೈಡ್ ದ್ರಾವಣ ಎಲೆಕ್ಟ್ರಾನನ್ನು ಒದಗಿಸಬೇಕು. ದಾಟುವುದು ತಡವಾದರೆ ಎರಡೂ ಮರಳಿ ಕೂಡಿ ಶಕ್ತಿ ವ್ಯರ್ಥವಾಗುತ್ತದೆ; ಎಡೆ ತುಂಬದಿದ್ದರೆ ಚುಕ್ಕೆಯೇ ಸವೆಯುತ್ತದೆ. ಕಾರವಾರದ ಬಳಿಯ ಬಿಣಗಾ ಮೂಲದ ಪ್ರಶಾಂತ ಕಾಮತ್ ಅವರ ನೇತೃತ್ವದ, ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಇಲ್ಲಿನ ಇಕ್ಕಟ್ಟನ್ನು ಸ್ಪಷ್ಟಪಡಿಸಿತು: ಹಿರಿಯ ಚುಕ್ಕೆಗಳು ಗೋಚರ ಬೆಳಕನ್ನು ಹೆಚ್ಚು ಹೀರುತ್ತವೆ, ಕಿರಿಯವು ಎಲೆಕ್ಟ್ರಾನನ್ನು ಹೆಚ್ಚು ಸಮರ್ಥವಾಗಿ ದಾಟಿಸುತ್ತವೆ. ಕಣಗಳಿಗೆ ಬದಲಾಗಿ ನ್ಯಾನೊಕೊಳವೆಗಳನ್ನು ಬಳಸಿದಾಗ, ಬಿದ್ದ ಪ್ರತಿ 100 ಫೋಟಾನುಗಳಿಗೆ ಹೊರಮಂಡಲಕ್ಕೆ ದಕ್ಕುವ ಎಲೆಕ್ಟ್ರಾನುಗಳ ಗರಿಷ್ಠ ಪ್ರಮಾಣ 35ರಿಂದ 45ಕ್ಕೆ ಏರಿತು. ಕೊಳವೆಯ ರಚನೆ ಎಲೆಕ್ಟ್ರಾನಿನ ಹಾದಿಯನ್ನು ಸುಗಮಗೊಳಿಸಿದ್ದೇ ಇದಕ್ಕೆ ಕಾರಣ.

ಪರಿಭಾಷೆಯ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಪದರದ ಪೋರ್ ಮತ್ತು ಎಲೆಕ್ಟ್ರಾನು ಬಿಟ್ಟುಹೋದ ಹೋಲ್ ಎರಡನ್ನೂ ಕನ್ನಡದಲ್ಲಿ ‘ರಂಧ್ರ’ ಎನ್ನುವುದುಂಟು. ‘ದ್ರಾವಣವು ರಂಧ್ರವನ್ನು ತುಂಬುತ್ತದೆ’ ಎಂಬ ವಾಕ್ಯ ಎರಡು ಅರ್ಥಗಳಲ್ಲಿಯೂ ನಿಜ. ಆದರೆ ಮೊದಲನೆಯದು ದ್ರವ ಒಳನುಗ್ಗುವ ಕ್ರಿಯೆ, ಎರಡನೆಯದು ಆವೇಶದ ವರ್ಗಾವಣೆ. ಓದುಗನಿಗೆ ಇವೆರಡೂ ಒಂದೇ ಎನಿಸಿದರೆ ಸೌರಕೋಶದ ತತ್ತ್ವವೇ ಕೈತಪ್ಪುತ್ತದೆ. ‘ರಂಧ್ರ’ವನ್ನು ಪೋರ್‌ಗೆ ಮೀಸಲಿಟ್ಟು, ಹೋಲ್‌ಗೆ ‘ಎಲೆಕ್ಟ್ರಾನ್ ತೆರವು’ ಎಂದು ಬಳಸುವುದು ಸೂಕ್ತ. ಬರಿಯ ‘ತೆರವು’ ಸಾಲದು; ಹರಳಿನಲ್ಲಿ ಪರಮಾಣುವೇ ಇಲ್ಲದ ಎಡೆಗೂ ಆ ಪದ ಬೇಕಾಗುತ್ತದೆ. ಪದವನ್ನು ಟಂಕಿಸುವ ಮುನ್ನ ಅದು ನಿಲ್ಲಬೇಕಾದ ವಾಕ್ಯವನ್ನು ಬರೆದು ನೋಡಬೇಕೆಂಬುದನ್ನು ಈ ನಿದರ್ಶನ ಮನಗಾಣಿಸುತ್ತದೆ.